ತೂಕದ ಬೆಲೆ, ಕೆಲಸದ ಬೆಲೆ

ಅಡಿಕೆ ವಿಷಯದಲ್ಲಿ ಮಲೆನಾಡಿನ ಬೆಳೆಗಾರನಿಗೆ ಟೋಪಿ ಹಾಕುವುದು ಸುಲಭವಲ್ಲ. ಸಾಗರದ ಮಾರುಕಟ್ಟೆಯಲ್ಲಿ ಸಿಪ್ಪೆಗೋಟು, ಬಿಳಿಗೋಟು, ಕೆಂಪುಗೋಟು, ಕೋಕ, ಚಾಲಿ, ರಾಶಿ ಎಂದು ಒಂದೇ ಬೆಳೆಗೆ ಆರು ಹೆಸರು, ಆರು ಧಾರಣೆ. ತೀರ್ಥಹಳ್ಳಿ ಕಡೆ ಹೋದರೆ ಸರಕು, ಬೆಟ್ಟೆ, ಗೊರಬಲು ಎಂಬ ವಿಂಗಡಣೆ ಬೇರೆ. ಪತ್ರಿಕೆ ಬಂದೊಡನೆ ಎಷ್ಟೋ ಮನೆಗಳಲ್ಲಿ ಮೊದಲು ತೆರೆಯುವುದೇ ಧಾರಣೆಯ ಪುಟ. ಮರದ ಮೇಲಿನ ಬೆಳೆಯನ್ನೇ ಖೇಣಿಗೆ ಕೊಳ್ಳಲು ಬಂದವನು ಕೊನೆ ನೋಡಿ ಇಷ್ಟು ಕ್ವಿಂಟಲ್ ಆದೀತು ಎಂದು ಅಂದಾಜು ಕಟ್ಟುವಷ್ಟರಲ್ಲಿ, ಪಕ್ಕದಲ್ಲಿ ನಿಂತ ಯಜಮಾನ ತನ್ನ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿ ಮುಗಿಸಿರುತ್ತಾನೆ. ಅದೇ ಮನೆಯ ಅಟ್ಟದಿಂದ ಅಜ್ಜನ ಕಾಲದ ಬೀಟೆ ಪೆಟ್ಟಿಗೆ, ತಳ ಸವೆದ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ ಕೆಳಗಿಳಿದು ಗುಜರಿಯವನ ಗಾಡಿ ಏರುವಾಗ ಮಾತ್ರ ಈ ಜಾಣ್ಮೆ ಎಲ್ಲಿ ಅಡಗುತ್ತದೋ ತಿಳಿಯದು. ಲೋಹವಾದರೆ ಕಿಲೋಗೆ ಎಷ್ಟು, ಮರವಾದರೆ ಲಾಟಿಗೆ ಎಷ್ಟು ಎಂಬ ಒಂದು ಪ್ರಶ್ನೆಯಲ್ಲಿ ವ್ಯಾಪಾರ ಮುಗಿದುಹೋಗುತ್ತದೆ. ಮಾರಿದವರಿಗೆ ಜಾಗ ಖಾಲಿಯಾದ ಸಮಾಧಾನ. ಕೊಂಡವನಿಗೆ ಅದಕ್ಕಿಂತ ದೊಡ್ಡ ಖುಷಿ. ಈ ಎರಡನೆಯ ಖುಷಿ ಏನು, ಅದು ನಮ್ಮ ಊರಿನವರಿಗೇ ಏಕೆ ಸಿಗಬಾರದು ಎಂಬುದು ಇಲ್ಲಿನ ವಿಚಾರ.

ಹಳೆಯ ಸಾಮಾನಿಗೆ ಎರಡು ಬೆಲೆಗಳಿರುತ್ತವೆ. ಮೊದಲನೆಯದು ತೂಕದ ಬೆಲೆ: ಕರಗಿಸಿದರೆ ಎಷ್ಟು ತಾಮ್ರ, ಒಡೆದರೆ ಎಷ್ಟು ಸೌದೆ, ರದ್ದಿಗೆ ಹಾಕಿದರೆ ಎಷ್ಟು ಕಾಗದ ಎಂಬ ಲೆಕ್ಕ. ಎರಡನೆಯದು ಕೆಲಸದ ಬೆಲೆ: ಆ ವಸ್ತು ಇನ್ನೂ ಎಷ್ಟು ವರ್ಷ ದುಡಿಯಬಲ್ಲದು, ಅಂಥದ್ದನ್ನು ಇವತ್ತು ಹೊಸದಾಗಿ ಮಾಡಿಸಿದರೆ ಏನು ಖರ್ಚು ಬಂದೀತು, ಮಾಡುವ ಕೈಗಳಾದರೂ ಇವೆಯೇ ಎಂಬ ಲೆಕ್ಕ. ಗುಜರಿಯ ರಾಶಿಯಲ್ಲಿ ಈ ಎರಡು ಬೆಲೆಗಳ ನಡುವೆ ದೊಡ್ಡ ಅಂತರವಿರುತ್ತದೆ. ಆ ಅಂತರವನ್ನು ಕಂಡುಹಿಡಿದವನಿಗೆ ಸಿಗುವುದೇ ಅಗ್ಗದ ಖರೀದಿಯ ಆನಂದ. ಆದ್ದರಿಂದ ಹಳೆ ಸಾಮಾನಿನ ಅಂಗಡಿಯಲ್ಲಿ ಹಿಗ್ಗುವವರನ್ನು ಜಿಪುಣರೆಂದು ನಗುವುದು ತಪ್ಪು. ಅವರಿಗೆ ಸಿಕ್ಕಿರುವುದು ಅವರ ತಿಳಿವಳಿಕೆಗೆ ಬಂದ ಕೂಲಿ. ಮರದ ಜಾತಿ ಗೊತ್ತಿಲ್ಲದವನಿಗೆ, ಕಂಚಿಗೂ ಹಿತ್ತಾಳೆಗೂ ವ್ಯತ್ಯಾಸ ತಿಳಿಯದವನಿಗೆ ಗುಜರಿ ಅಂಗಡಿ ಬರೀ ಧೂಳಿನ ಕೊಟ್ಟಿಗೆ. ಬಲ್ಲವನಿಗೆ ಅದು ಪರೀಕ್ಷೆಯ ಕೋಣೆ, ಉತ್ತರ ಸರಿಯಾದರೆ ಬಹುಮಾನವೂ ಅಲ್ಲೇ.

ಈ ಖುಷಿಯನ್ನು ಅರ್ಥಶಾಸ್ತ್ರವೂ ಗಂಭೀರವಾಗಿ ನೋಡಿದೆ. 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ 1985ರ ಒಂದು ಪ್ರಬಂಧದಲ್ಲಿ, ಕೊಳ್ಳುವವನಿಗೆ ಎರಡು ಬಗೆಯ ತೃಪ್ತಿ ಇರುತ್ತದೆ ಎಂದು ವಿವರಿಸಿದರು. ವಸ್ತುವಿನ ಬಳಕೆಯಿಂದ ಬರುವುದು ಒಂದು, ಇದಕ್ಕೆ ಇಷ್ಟು ಬೆಲೆ ಇದ್ದೀತು ಎಂದು ಅಂದುಕೊಂಡದ್ದಕ್ಕಿಂತ ಕಡಿಮೆ ಕೊಟ್ಟೆ ಎಂಬುದರಿಂದ ಬರುವುದು ಇನ್ನೊಂದು. ಈ ಎರಡನೆಯ ತೃಪ್ತಿಯನ್ನು ದೊಡ್ಡ ಮಳಿಗೆಗಳು ಚೆನ್ನಾಗಿ ಅರಿತಿವೆ. ಎರಡು ಸಾವಿರ ಎಂದು ಬರೆದು ಗೀಟು ಹಾಕಿ ಒಂಬೈನೂರ ತೊಂಬತ್ತೊಂಬತ್ತು ಎಂದು ಅಂಟಿಸುವ ಚೀಟಿಯ ಗುಟ್ಟು ಅದೇ. ಆದರೆ ಅಲ್ಲಿ ಹೆಚ್ಚಿನ ಬೆಲೆಯನ್ನು ಹೇಳಿದವನೂ ಇಳಿಸಿದವನೂ ಒಬ್ಬನೇ, ಕೊಳ್ಳುವವನ ಪಾಲಿಗೆ ತಲೆಯಾಡಿಸುವ ಕೆಲಸವಷ್ಟೇ. ಹಳೆ ಸಾಮಾನಿನಲ್ಲಿ ನಿಜವಾದ ಬೆಲೆ ಏನೆಂದು ಯಾರೂ ಬರೆದಿಟ್ಟಿರುವುದಿಲ್ಲ. ಅದನ್ನು ಕೊಳ್ಳುವವನೇ ತನ್ನ ಕಣ್ಣು, ಕಿವಿ, ಬೆರಳಿನಿಂದ ಕಟ್ಟಬೇಕು. ಎರಡೂ ಕಡೆ ಸಂತೋಷದ ಹೆಸರು ಒಂದೇ ಇರಬಹುದು. ಒಂದನ್ನು ಅಂಗಡಿಯವನು ಹಂಚುತ್ತಾನೆ, ಇನ್ನೊಂದನ್ನು ನಾವು ಸಂಪಾದಿಸುತ್ತೇವೆ.

ಕಣ್ಣಿಗೆ ಕೆಲಸ

ಹಳೆ ಮನೆಯ ಒಂದು ಬಾಗಿಲನ್ನೇ ತೆಗೆದುಕೊಳ್ಳಿ. ದಾರಂದ ಸಮೇತ ಗೋಡೆಗೆ ಒರಗಿಸಿಟ್ಟ ಬಾಗಿಲಿನಲ್ಲಿ ಮೊದಲು ನೋಡಬೇಕಾದ್ದು ಕೆತ್ತನೆಯನ್ನಲ್ಲ, ಬುಡವನ್ನು. ನೆಲಕ್ಕೆ ತಾಗಿದ ಭಾಗವೇ ಮೊದಲು ನೀರು ಕುಡಿಯುತ್ತದೆ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಸೂಜಿಯೋ ಚಾಕುವಿನ ತುದಿಯೋ ಸಲೀಸಾಗಿ ಒಳಗೆ ಹೋದರೆ ಅಷ್ಟು ಭಾಗ ಹೋದಂತೆಯೇ. ಸಣ್ಣ ತೂತುಗಳಿದ್ದರೆ ಕೂಡಲೇ ಕೈಬಿಡಬೇಕಿಲ್ಲ. ತೂತಿನ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಕುಟ್ಟೆಹುಳು ಇನ್ನೂ ಒಳಗಿದೆ, ತೂತು ಒಣಗಿ ಕಪ್ಪಾಗಿದ್ದರೆ ಅದು ಹಳೆಯ ಕಥೆ. ಬೆರಳ ಗೆಣ್ಣಿನಿಂದ ಮೇಲಿಂದ ಕೆಳಗೆ ಬಡಿಯುತ್ತ ಬಂದರೆ ಗಟ್ಟಿ ಸದ್ದು ಎಲ್ಲಿ ಟೊಳ್ಳಾಗುತ್ತದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಕೂಡುಗಳನ್ನು ನೋಡಬೇಕು. ಹಳೆಯ ಆಚಾರಿಗಳು ತೂತಿಗೆ ನಾಲಿಗೆ ಕೂರಿಸಿ ಮರದ ಗೂಟವನ್ನೇ ಬಡಿದು ಬಿಗಿ ಮಾಡುತ್ತಿದ್ದರು. ಕಬ್ಬಿಣದ ಮೊಳೆ ಕಡಿಮೆ ಇದ್ದಷ್ಟೂ ಬಾಗಿಲನ್ನು ಬಿಚ್ಚಿ ಮತ್ತೆ ಜೋಡಿಸುವುದು ಸುಲಭ. ಕೊನೆಗೆ ಮರದ ಜಾತಿ. ಬಣ್ಣ ಬಳಿದಿದ್ದರೆ ಹಿಂಬದಿಯಲ್ಲಿ ಬಣ್ಣ ತಾಗದ ಒಂದು ಅಂಗುಲ ಜಾಗ ಸಿಕ್ಕೇ ಸಿಗುತ್ತದೆ. ಹಲಸಿನ ಹಳದಿ ಹಳತಾಗಿ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ಬೀಟೆಯಲ್ಲಿ ಕಪ್ಪು ಗೆರೆ, ಹೊನ್ನೆಯನ್ನು ಒದ್ದೆ ಮಾಡಿದರೆ ಬಣ್ಣ ಬಿಡುತ್ತದೆ. ಇಷ್ಟು ನೋಡಲು ಕಾಲು ಗಂಟೆ ಸಾಕು. ಆದರೆ ಆ ಕಾಲು ಗಂಟೆಯ ಹಿಂದೆ ಒಂದು ನಾಡಿನ ನೂರಾರು ವರ್ಷದ ಮರದ ಅರಿವು ಇದೆ.

ಪಾತ್ರೆಯ ಪರೀಕ್ಷೆ ಕಿವಿಯದ್ದು. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಕಂಚಿನ ಬಟ್ಟಲನ್ನು ಬೆರಳ ತುದಿಯ ಮೇಲಿಟ್ಟು ಅಂಚಿಗೆ ತಟ್ಟಿದರೆ ದನಿ ಬಹಳ ಹೊತ್ತು ನಿಲ್ಲುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಒಡೆದು ಚಾಡಿ ಹೇಳಿಬಿಡುತ್ತದೆ. ತಾಮ್ರದ ಹಂಡೆಯನ್ನು ಬೆಳಕಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಬೇಕು. ಸೂಜಿಮೊನೆಯಷ್ಟು ಬೆಳಕು ಕಂಡರೂ ಬೆಸುಗೆಯ ಖರ್ಚು ಸೇರಿಸಿಯೇ ಬೆಲೆ ಹೇಳಬೇಕು. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಬೇಯಿಸುವ ಆಸೆಯಿದ್ದರೆ ಕಲಾಯಿ ಹಾಕಿಸದೆ ಒಲೆಗೆ ಇಡುವಂತಿಲ್ಲ. ಕಲಾಯಿಯವರು ಊರಿಗೆ ಬರುವುದೇ ಅಪರೂಪವಾಗಿರುವುದರಿಂದ ಅದೂ ಲೆಕ್ಕಕ್ಕೆ ಸೇರಬೇಕಾದ ಬಾಬತ್ತು. ಹೆಂಚಿನದೂ ಇದೇ ಶಾಸ್ತ್ರ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು. ಸೋಗೆಯ ಮಾಡುಗಳು ಒಂದೊಂದಾಗಿ ಕೆಂಪಾದವು. ಆ ಹೆಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಪಾಚಿ ಉಜ್ಜಿ ತೆಗೆದು, ತಟ್ಟಿ, ಟಣ್ ಎಂದದ್ದನ್ನು ಎತ್ತಿಟ್ಟು, ದಬ್ ಎಂದದ್ದನ್ನು ಬದಿಗಿಟ್ಟರೆ ಕೊಟ್ಟಿಗೆಗೋ ಅಡಿಕೆ ಮನೆಗೋ ಇನ್ನೊಂದು ಮಾಡು ಸಿದ್ಧ.

ಈ ಕಣ್ಣು ಒಬ್ಬ ಮನುಷ್ಯನಿಗಿದ್ದರೆ ಏನಾದೀತು ಎಂಬುದಕ್ಕೆ ಮಣಿಪಾಲದಲ್ಲಿ ಸಾಕ್ಷಿಯಿದೆ. ವಿಜಯನಾಥ ಶೆಣೈ ಬ್ಯಾಂಕಿನ ನೌಕರ. ಕರಾವಳಿಯ ಹಳೆಯ ಮನೆಗಳು ಕೆಡವಿಸಿಕೊಂಡು ಕಂಬ, ಬಾಗಿಲು, ಮುಚ್ಚಿಗೆಗಳು ಸೌದೆಯ ಪಾಲಾಗುತ್ತಿದ್ದಾಗ ಅವರು ಅವನ್ನು ಕೊಂಡು ತಂದು ತಮ್ಮ ಮನೆಯನ್ನೇ ಕಟ್ಟಿಕೊಂಡರು. ನೋಡಲು ಬರುವವರು ಹೆಚ್ಚಾದ ಮೇಲೆ ಆ ಹವ್ಯಾಸ ಹಸ್ತಶಿಲ್ಪ ಪಾರಂಪರಿಕ ಗ್ರಾಮವಾಗಿ ಬೆಳೆಯಿತು. 1816ರ ಕುಂಜೂರು ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್ ಅಲ್ಲಿ ಮತ್ತೆ ಎದ್ದು ನಿಂತಿವೆ. ಶೆಣೈ 2017ರಲ್ಲಿ ತೀರಿಕೊಂಡರು. ನಮ್ಮ ಸೀಮೆಯಲ್ಲೂ ಇಂಥ ಕಣ್ಣುಗಳಿಗೆ ಬರವಿರಲಿಲ್ಲ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಗುಂಡಾ ಜೋಯಿಸರು ಹಳೆಯ ಮನೆಗಳಲ್ಲಿ ಹುಳ ತಿನ್ನುತ್ತಿದ್ದ ತಾಳೆಗರಿ, ಕಡತಗಳನ್ನು ಕೂಡಿಸಿ ಇಟ್ಟಿದ್ದರಿಂದಲೇ ಅಲ್ಲೊಂದು ವಸ್ತುಸಂಗ್ರಹಾಲಯ ಉಂಟಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ನೋಡಲು ಹೋದವರು ಅಡುಗೆಮನೆಯ ಸಾಮಾನುಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಅಲ್ಲಿ ಕಾಣುವ ಎಷ್ಟೋ ವಸ್ತುಗಳಂಥವು ಸುತ್ತಲಿನ ಮನೆಗಳಲ್ಲಿ ತೀರಾ ಇತ್ತೀಚಿನವರೆಗೂ ಇದ್ದವು. ಒಂದು ಮನೆಯಲ್ಲಿ ಅವು ಉಳಿದವು, ಉಳಿದ ಮನೆಗಳಿಂದ ತೂಕಕ್ಕೆ ಹೋದವು.

ಇನ್ನೊಬ್ಬರು ಬಳಸಿದ್ದು

ಹಳೆ ಸಾಮಾನು ಎಂದರೆ ಹಲವರಿಗೆ ಮೊದಲು ಬರುವುದು ಮುಜುಗರ. ಇನ್ನೊಬ್ಬರು ಬಳಸಿದ್ದು, ಯಾರೋ ಸತ್ತವರದ್ದಿರಬಹುದು, ಮನೆಗೆ ತಂದರೆ ನೆಂಟರು ಏನೆಂದುಕೊಂಡಾರು ಎಂಬ ಅಳುಕು. ಮಡಿ ಮೈಲಿಗೆಯ ಮಾತೂ ಇದರ ಜೊತೆ ಸೇರಿಕೊಳ್ಳುತ್ತದೆ. ಆದರೆ ನಮ್ಮ ಮನೆಗಳ ನಡವಳಿಕೆಯನ್ನೇ ಗಮನಿಸಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಅಜ್ಜಿಯ ಹಳೆಯ ಹತ್ತಿ ಸೀರೆಯನ್ನು, ಅದು ಒಗೆದು ಒಗೆದು ಮೆತ್ತಗಾಗಿದೆ ಎಂಬ ಕಾರಣಕ್ಕೆ. ಹರಿದ ಸೀರೆಗಳೆಲ್ಲ ಪದರ ಪದರವಾಗಿ ಕೌದಿಯಾಗುತ್ತವೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳನ್ನು ಈಗ ದೇಶವಿದೇಶದ ಪ್ರದರ್ಶನಗಳಲ್ಲಿ ಗೋಡೆಗೆ ತೂಗುಹಾಕಿ ನೋಡುತ್ತಾರೆ. ಯಕ್ಷಗಾನದ ಮೇಳದಲ್ಲಿ ಒಬ್ಬ ಕಳಚಿಟ್ಟ ಎದೆಪದಕವನ್ನು ಇನ್ನೊಬ್ಬ ಕಟ್ಟಿಕೊಂಡು ರಂಗಕ್ಕೆ ಬರುತ್ತಾನೆ. ಮದುವೆ, ಉಪನಯನಕ್ಕೆ ದೇವಸ್ಥಾನದ ದೊಡ್ಡ ಪಾತ್ರೆಗಳನ್ನು ತಂದು ಅಡುಗೆ ಮಾಡಿದ ಊರುಗಳೆಷ್ಟೋ, ಅದರಲ್ಲಿ ಹಿಂದೆ ಯಾರ ಮನೆಯ ಪಾಯಸ ಬೆಂದಿತ್ತು ಎಂದು ಕೇಳಿದವರಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಲೋಹ ಶುದ್ಧವೆಂದು ನಮ್ಮ ಹಿರಿಯರೇ ಒಪ್ಪಿದ್ದರು. ಮುಜುಗರದ ಬೇರು ಇರುವುದು ಬೇರೆಡೆ. ಹೊಸದನ್ನು ಕೊಳ್ಳಲು ಶಕ್ತಿಯಿಲ್ಲ ಎಂದು ಲೋಕ ತಿಳಿದುಬಿಟ್ಟರೆ ಎಂಬ ಹೆದರಿಕೆಯದು. ಅದು ಮಡಿಯ ಪ್ರಶ್ನೆಯಲ್ಲ, ಅಂತಸ್ತಿನ ಪ್ರಶ್ನೆ.

ಮೋಸ ಹೋಗುವ ಭಯ ಮಾತ್ರ ನ್ಯಾಯವಾದದ್ದು. ಹಳೆಯ ವಸ್ತುವಿನ ದೋಷ ಮಾರುವವನಿಗೆ ಗೊತ್ತಿರುತ್ತದೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. 1970ರಲ್ಲಿ ಜಾರ್ಜ್ ಅಕೆರ್ಲಾಫ್ ಹಳೆ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟು ಇದನ್ನೇ ವಿವರಿಸಿದರು. ಒಳ್ಳೆಯದೋ ಕೆಟ್ಟದ್ದೋ ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತು ಇರುವವನು ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ, ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟದ್ದೇ. ಈ ವಿಚಾರಕ್ಕೆ ಅವರಿಗೆ 2001ರಲ್ಲಿ ನೊಬೆಲ್ ಬಂತು. ಇದರಿಂದ ಕಲಿಯಬೇಕಾದ ಪಾಠ ಹಳೆಯದನ್ನೇ ಮುಟ್ಟಬಾರದು ಎಂದಲ್ಲ. ದೋಷ ಹೊರಗೆ ಕಾಣುವ ವಸ್ತುವಿನಲ್ಲಿ ಧೈರ್ಯವಾಗಿ ಮುಂದುವರಿಯಬಹುದು, ದೋಷ ಒಳಗೆ ಅಡಗುವ ವಸ್ತುವಿನಲ್ಲಿ ಕೈ ಬಿಗಿ ಹಿಡಿಯಬೇಕು. ಮೇಜು, ಕುರ್ಚಿ, ಪಾತ್ರೆ, ಪುಸ್ತಕ, ಹೆಂಚು, ಕತ್ತಿ, ಒರಳು ಇವೆಲ್ಲ ತಮ್ಮ ಗಾಯವನ್ನು ಮೈಮೇಲೆಯೇ ತೋರಿಸುತ್ತವೆ. ಹೆಲ್ಮೆಟ್, ಟಯರು, ಪ್ರೆಶರ್ ಕುಕ್ಕರ್, ಗ್ಯಾಸಿನ ರೆಗ್ಯುಲೇಟರ್ ಹಾಗಲ್ಲ. ಇವುಗಳಲ್ಲಿ ನೂರು ರೂಪಾಯಿ ಉಳಿಸಲು ಹೋಗಿ ಜೀವ ಒತ್ತೆ ಇಡಬಾರದು. ಬಣ್ಣ ಬಳಿದ ಹಳೆಯ ಆಟಿಕೆ, ತೊಟ್ಟಿಲುಗಳಲ್ಲೂ ಎಚ್ಚರ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ 90 ಪಿಪಿಎಂ ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು, ಮಗು ಅದನ್ನು ನೆಕ್ಕಬಹುದು.

ಇನ್ನೊಂದು ಆಕ್ಷೇಪ ನೈತಿಕವಾದದ್ದು. ಅಗ್ಗಕ್ಕೆ ಸಿಗುತ್ತದೆ ಎಂದು ಬೇಡದ್ದನ್ನೆಲ್ಲ ಮನೆಗೆ ತುಂಬುವುದೂ ಆಸೆಬುರುಕತನವಲ್ಲವೇ? ಶ್ರೀಧರ ಸ್ವಾಮಿಗಳು ನೆಲೆಸಿ 1973ರಲ್ಲಿ ಸಮಾಧಿಸ್ಥರಾದ ವರದಹಳ್ಳಿಯಂಥ ಕ್ಷೇತ್ರ ಮಗ್ಗುಲಲ್ಲೇ ಇರುವ ನಾಡಿನಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೌಪೀನ, ಕಮಂಡಲುವಿನಲ್ಲಿ ಬದುಕು ಮುಗಿಸಿದ ಸನ್ಯಾಸಿಗೆ ಹೊಸ ಪೆಟ್ಟಿಗೆಯೂ ಹೊರೆ, ಹಳೆ ಪೆಟ್ಟಿಗೆಯೂ ಹೊರೆ. ಸಂಸಾರಿಯ ಲೆಕ್ಕ ಬೇರೆ. ಅವನಿಗೆ ಪೆಟ್ಟಿಗೆ ಬೇಕೇ ಬೇಕು. ಹೊಸದಾಗಿ ಮಾಡಿಸಿದರೆ ಎಲ್ಲೋ ಒಂದು ಮರ ಉರುಳಬೇಕು, ಪ್ಲಾಸ್ಟಿಕ್ಕಿನದನ್ನು ತಂದರೆ ಮುರಿದ ದಿನ ಅದು ಊರಿನ ಹಳ್ಳಕ್ಕೆ ಹೋಗಬೇಕು. ಇದ್ದದ್ದನ್ನೇ ಉಜ್ಜಿ ಬಳಸುವುದು ಸಂಸಾರದ ಮಟ್ಟಿಗೆ ಸಾಧ್ಯವಿರುವ ಮಿತವ್ಯಯ. ಆದರೆ ಆಕ್ಷೇಪದಲ್ಲಿ ಒಂದು ಸತ್ಯವಿದೆ, ಅದನ್ನು ಒಪ್ಪಬೇಕು. ಬಳಸದ ಬೀಸೇಕಲ್ಲನ್ನು ಕೊಂಡು ಪಡಸಾಲೆಯಲ್ಲಿ ಹೂಕುಂಡ ಇಡಲು ಕೂರಿಸಿದರೆ ಅದು ಕೆಲಸದ ಬೆಲೆಯನ್ನು ಉಳಿಸಿದಂತಾಗದು. ತನ್ನ ಕೆಲಸಕ್ಕೆ ಮರಳಿದ ವಸ್ತುವೇ ನಿಜವಾದ ಅಗ್ಗದ ಖರೀದಿ. ಧೂಳು ತಿನ್ನುವ ಚನ್ನೆಮಣೆಗಿಂತ ಮಳೆಗಾಲದಲ್ಲಿ ಮಕ್ಕಳು ಆಡುವ ಚನ್ನೆಮಣೆ ಹೆಚ್ಚು ಬೆಲೆಯದು.

ಪುಸ್ತಕದ ವಿಚಾರದಲ್ಲಂತೂ ಮಿತವ್ಯಯದ ಮಾತೇ ಹಿಂದೆ ಬೀಳುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ, ಬ್ರಿಗೇಡ್ ರಸ್ತೆಯ ಒಳಗಿನ, 1945ರಷ್ಟು ಹಿಂದೆಯೇ ಶುರುವಾದ ಸೆಲೆಕ್ಟ್ ಬುಕ್ ಶಾಪಿನಂಥ ಕಡೆಗಳಲ್ಲಿ ಹುಡುಕುವವರು ಬರೀ ಕಡಿಮೆ ಬೆಲೆಗಾಗಿ ಹುಡುಕುವುದಿಲ್ಲ. ಕನ್ನಡದ ಎಷ್ಟೋ ಪುಸ್ತಕಗಳು ಒಂದೇ ಮುದ್ರಣ ಕಂಡು ನಿಂತುಹೋಗಿವೆ. ಅವನ್ನು ಹೊಸದಾಗಿ ಕೊಳ್ಳುವ ದಾರಿಯೇ ಇಲ್ಲ. ಮಾರುಕಟ್ಟೆ ಕೈಬಿಟ್ಟದ್ದನ್ನು ಹಳೆ ಪುಸ್ತಕದ ಅಂಗಡಿ ಕಾಪಾಡಿಕೊಂಡಿದೆ. ಊರಿನ ಮೇಷ್ಟರೊಬ್ಬರು ತೀರಿಕೊಂಡ ವರ್ಷ ಅವರ ಕಪಾಟು ರದ್ದಿಗೆ ಹೋದರೆ ಹೋಗುವುದು ಕಾಗದದ ತೂಕವಷ್ಟೇ ಅಲ್ಲ, ಇನ್ನೆಲ್ಲೂ ಸಿಗದ ಪ್ರತಿ.

ಕೊಂಡವನ ಲಾಭ, ಮಾರಿದವನ ನಷ್ಟ

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು: ಒಬ್ಬನಿಗೆ ಅಗ್ಗವಾಗಿ ಸಿಕ್ಕಿತೆಂದರೆ ಇನ್ನೊಬ್ಬ ಕಳೆದುಕೊಂಡ ಎಂದೇ ಅಲ್ಲವೇ? ಶರಾವತಿ ಕಣಿವೆಯವರಿಗೆ ಇದರ ಉತ್ತರವನ್ನು ಬೇರೆಯವರು ಹೇಳಿಕೊಡಬೇಕಿಲ್ಲ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಹೊಸನಗರ ತಾಲ್ಲೂಕಿನ ಮಾಣಿ, ಚಕ್ರಾ, ಸಾವೇಹಕ್ಲು. ನೀರು ಏರುವ ಮುನ್ನ ಜನ ಮನೆ ಬಿಚ್ಚಿದರು. ಲಾರಿ ಸಿಕ್ಕವರು, ಸೇರಬೇಕಾದ ಜಾಗ ಗೊತ್ತಾದವರು ಕಂಬ, ತೊಲೆ, ಬಾಗಿಲು, ಹೆಂಚನ್ನು ಹೊತ್ತೊಯ್ದು ಹೊಸ ಊರಿನಲ್ಲಿ ಮತ್ತೆ ಎಬ್ಬಿಸಿದರು. ಒಯ್ಯಲಾಗದವರು ಕೇಳಿದ ಬೆಲೆಗೆ ಕೊಟ್ಟರು. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ, ಮುಳುಗಡೆಯವರ ಬದುಕನ್ನು ಹತ್ತಿರದಿಂದ ಕಂಡ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದದ್ದು ಇದೇ ಲೋಕದ ಕುರಿತು. ಮುಳುಗುವವನ ಮನೆಯ ಬಾಗಿಲನ್ನು ಸೌದೆಯ ಬೆಲೆಗೆ ಎತ್ತಿಕೊಂಡವನ ಖುಷಿಯನ್ನು ಈ ಲೇಖನ ಸಮರ್ಥಿಸುವುದಿಲ್ಲ. ಅಲ್ಲಿ ಬೆಲೆಯ ಅಂತರ ಹುಟ್ಟಿದ್ದು ಕೊಳ್ಳುವವನ ಕಣ್ಣಿನಿಂದಲ್ಲ, ಮಾರುವವನ ಕುತ್ತಿಗೆಗೆ ಬಂದ ನೀರಿನಿಂದ. ಸಾಲ, ಸಾವು, ಮುಳುಗಡೆ ಬೆನ್ನಟ್ಟಿದಾಗ ಆಗುವ ವ್ಯಾಪಾರದಲ್ಲಿ ಚೌಕಾಸಿಗೆ ಜಾಗವಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಆತಂಕವೂ ನಿಜವೇ. ಹಳೆ ಕಂಬಕ್ಕೆ ಪಟ್ಟಣದಲ್ಲಿ ಗಿರಾಕಿ ಇದ್ದಾರೆ ಎಂದಾದರೆ ನಿಂತಿರುವ ಮನೆಯೂ ಬೀಳುತ್ತದೆ. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಹೀಗೇ ಆಯಿತು. ಕಾರೈಕುಡಿಯಲ್ಲಿ ಹಳೆ ಸಾಮಾನಿನ ಬೀದಿಯೇ ಬೆಳೆದಿದೆ, ಅಲ್ಲಿನ ಕಂಬ, ಬಾಗಿಲುಗಳು ಒಮ್ಮೆ ಸುತ್ತಲಿನ ಭಾರಿ ಮನೆಗಳನ್ನು ಹೊತ್ತಿದ್ದವು. ಬೇಡಿಕೆಯೇ ಮನೆಗಳನ್ನು ಕೆಡವುತ್ತದೆ ಎಂಬ ಮಾತನ್ನು ಪೂರ್ತಿ ಅಲ್ಲಗಳೆಯಲಾಗದು. ಆದರೆ ಮಲೆನಾಡಿನ ತೊಟ್ಟಿಮನೆಗಳು ಬೀಳುತ್ತಿರುವುದಕ್ಕೆ ಮುಖ್ಯ ಕಾರಣ ಕಂಬದ ಗಿರಾಕಿಯಲ್ಲ. ಮನೆ ಪಾಲಾಗಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ವರ್ಷವರ್ಷ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ, ಮೂರು ಮಳೆಗಾಲ ಸೋರಿದರೆ ಮಣ್ಣಿನ ಗೋಡೆ ತಾನೇ ಕುಸಿಯುತ್ತದೆ. ಬಿದ್ದ ಮನೆಯ ಮರಮುಟ್ಟನ್ನು ಕೊಳ್ಳುವುದು ಬೇರೆ, ಕೊಳ್ಳಲೆಂದು ಮನೆ ಬೀಳಿಸುವುದು ಬೇರೆ. ಈ ಗೆರೆಯನ್ನು ಕೊಳ್ಳುವವರೇ ಹಾಕಿಕೊಳ್ಳಬೇಕು. ಕಾನೂನಿನ ಗೆರೆಗಳೂ ಇವೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಕಲಾಕೃತಿಗಳು, ಎಪ್ಪತ್ತೈದು ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳಾಗುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಜಗುಲಿಯ ಗೋಡೆಯ ಜಿಂಕೆ, ಕಡವೆಯ ಕೊಂಬುಗಳನ್ನು ಮಾರುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಬೀಟೆ, ತೇಗದ ನಾಟ ಹಳೆಯದೇ ಆದರೂ ಸಾಗಿಸುವ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸಿ ಪಾಸು ಪಡೆಯುವುದು ಕ್ಷೇಮ.

ಹಾಗಾದರೆ ನ್ಯಾಯವಾದ ಅಗ್ಗ ಯಾವುದು? ಮಾರುವವನಿಗೂ ತಾನು ಏನು ಮಾರುತ್ತಿದ್ದೇನೆ ಎಂದು ಗೊತ್ತಿದ್ದಾಗ ಸಿಕ್ಕದ್ದು. ಆಗ ಕೊಳ್ಳುವವನ ಖುಷಿಗೆ ಪಾಪದ ಲೇಪವಿಲ್ಲ. ಮಾರುವವನಿಗೆ ಅದು ಬೇಡ, ಇವನಿಗೆ ಬೇಕು, ಇವನು ಅದನ್ನು ದುರಸ್ತಿ ಮಾಡುವ ಶ್ರಮ ಹಾಕುತ್ತಾನೆ, ಆ ಶ್ರಮಕ್ಕೆ ಸರಿಯಾಗಿ ಬೆಲೆ ಇಳಿಯುತ್ತದೆ. ಇದನ್ನು ಸಾಧಿಸುವ ವಿದ್ಯೆ ಮಲೆನಾಡಿಗೆ ಹೊಸದಲ್ಲ. ದಲ್ಲಾಳಿ ಹೇಳಿದ್ದೇ ಧಾರಣೆ ಎಂಬ ಕಾಲದಲ್ಲಿ ಬೆಳೆಗಾರರು ಸೇರಿ 1939ರಲ್ಲಿ ಮಾಮ್‌ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡರು, ಸಾಗರದಲ್ಲಿ ಅಂಥದ್ದೇ ಆಪ್ಸ್‌ಕೋಸ್ ಇದೆ. ಅಡಿಕೆಯನ್ನು ದರ್ಜೆವಾರು ವಿಂಗಡಿಸಿ, ಟೆಂಡರಿಗೆ ಇಟ್ಟು, ಆ ದಿನದ ಧಾರಣೆಯನ್ನು ಎಲ್ಲರಿಗೂ ತಿಳಿಸುವ ಏರ್ಪಾಟು ಬಂದ ಮೇಲೆ ಬೆಳೆಗಾರನ ಅಜ್ಞಾನದ ಮೇಲೆ ಲಾಭ ಮಾಡುವುದು ಕಷ್ಟವಾಯಿತು. ಒಳ್ಳೆಯ ಖೇಣಿದಾರ ಆಗಲೂ ಲಾಭ ಮಾಡಿದ, ಈಗಲೂ ಮಾಡುತ್ತಾನೆ, ಆದರೆ ಅಂದಾಜಿನ ಬಲದಿಂದ. ಇದೇ ಪಾರದರ್ಶಕತೆ ಹಳೆ ಸಾಮಾನಿಗೂ ಬರಬೇಕು.

ಹೊರಗಿನ ಲೋಕ ಹಳೆ ಸಾಮಾನಿಗೆ ಮರ್ಯಾದೆಯ ಅಂಗಡಿಯನ್ನು ಎಂದೋ ಕಟ್ಟಿಕೊಟ್ಟಿದೆ. ಬೋಸ್ಟನ್ನಿನಲ್ಲಿ 1902ರಲ್ಲಿ ಶುರುವಾದ ಗುಡ್‌ವಿಲ್ ಸಂಸ್ಥೆ ಶ್ರೀಮಂತರ ಮನೆಯ ಹಳೆ ಸಾಮಾನು ಕೂಡಿಸಿ, ಬಡವರಿಂದಲೇ ದುರಸ್ತಿ ಮಾಡಿಸಿ, ಮಾರಿ ಅವರಿಗೆ ಕೂಲಿ ಕೊಟ್ಟಿತು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1948ರಲ್ಲಿ ಬಾಗಿಲು ತೆರೆದ ಆಕ್ಸ್‌ಫ್ಯಾಮ್ ಅಂಗಡಿ ಬಂದ ಹಣವನ್ನು ಪರಿಹಾರ ಕಾರ್ಯಕ್ಕೆ ಕಳಿಸಿತು. ಅಮೆರಿಕಕ್ಕೆ ಓದಲು ಹೋದ ನಮ್ಮ ಊರಿನ ಹುಡುಗರು ಮೊದಲ ಮೇಜು, ಮೊದಲ ಚಳಿಯ ಕೋಟನ್ನು ಇಂಥ ಅಂಗಡಿಯಲ್ಲೇ ಕೊಂಡು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದೇ ಹುಡುಗರು ಸಾಗರದಲ್ಲಿ ಹಳೆ ಕುರ್ಚಿ ಕೊಳ್ಳಲು ನಾಚುತ್ತಾರೆ, ಕೊಳ್ಳಲು ಮರ್ಯಾದೆಯ ಅಂಗಡಿ ಇಲ್ಲದಿರುವುದೂ ಅದಕ್ಕೆ ಕಾರಣ. ನಮ್ಮಲ್ಲೂ ಬೀಜಗಳಿವೆ. 1999ರಲ್ಲಿ ಶುರುವಾದ ಗೂಂಜ್ ಸಂಸ್ಥೆ ಪಟ್ಟಣದ ಹಳೆ ಬಟ್ಟೆಯನ್ನು ಹಳ್ಳಿಯ ದುಡಿಮೆಗೆ ಪ್ರತಿಫಲವಾಗಿ ಕೊಡುತ್ತ ಬಂದಿದೆ. ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ನಡೆಸಿದ ಅಭಿಯಾನದಲ್ಲಿ ಬಟ್ಟೆ, ಪುಸ್ತಕ, ಆಟಿಕೆ ಕೊಟ್ಟು ಹೋಗುವ ‘ಆರ್‌ಆರ್‌ಆರ್’ ಕೇಂದ್ರಗಳನ್ನು ದೇಶದ ನಗರಾಡಳಿತಗಳು ತೆರೆದವು. ಅಭಿಯಾನ ಜೂನ್ 5ರ ಪರಿಸರ ದಿನಕ್ಕೆ ಮುಗಿಯಿತು. ಮುಗಿಯಬೇಕಾದ್ದು ಅಭಿಯಾನ, ಕೇಂದ್ರಗಳಲ್ಲ.

ಸಾಗರದ ನಗರಸಭೆ, ಹೊಸನಗರ ಮತ್ತು ತೀರ್ಥಹಳ್ಳಿಯ ಪಟ್ಟಣ ಪಂಚಾಯಿತಿಗಳು ಸೇರಿ ತಿಂಗಳಿಗೊಂದು ದಿನ ಹಳೆ ಸಾಮಾನಿನ ಸಂತೆಗೆ ಜಾಗ ಕೊಡಲಿ. ಸಹಕಾರ ಸಂಘಗಳು ಒಂದು ತಕ್ಕಡಿ, ಒಂದು ಬೋರ್ಡು ಇಡಲಿ. ಬೋರ್ಡಿನಲ್ಲಿ ಆ ದಿನದ ತಾಮ್ರ, ಹಿತ್ತಾಳೆ, ಕಂಚಿನ ತೂಕದ ಬೆಲೆ ಇರಲಿ. ಒಬ್ಬ ಆಚಾರಿ, ಒಬ್ಬ ಕಲಾಯಿಯವ ಅಲ್ಲಿ ಕುಳಿತರೆ ಅವರಿಗೂ ಕೆಲಸ. ಸ್ತ್ರೀಶಕ್ತಿ ಸಂಘಗಳು ಬಟ್ಟೆ ವಿಂಗಡಿಸಿ ಕೌದಿ ಹೊಲಿದು ಮಾರಲಿ. ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಕಿಲ್ಲ, ಎಪಿಎಂಸಿಯ ಮಾಡಿನಡಿ ಖಾಲಿಯಿರುವ ಒಂದು ದಿನ ಸಾಕು. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ಮುಂದಿನ ಸಲ ಗುಜರಿ ಗಾಡಿ ಅಂಗಳಕ್ಕೆ ಬಂದಾಗ ಅಟ್ಟದಿಂದ ಇಳಿಸಿದ್ದನ್ನು ಕೊಡುವ ಮೊದಲು ತಟ್ಟಿ ನೋಡಿ, ಮರದ ಹೆಸರು ಮನೆಯ ಹಿರಿಯರನ್ನು ಕೇಳಿ, ಪಕ್ಕದ ಮನೆಯವರಿಗೆ ಬೇಕೇ ಎಂದು ವಿಚಾರಿಸಿ. ಯಾರಿಗೂ ಬೇಡದ್ದು ತೂಕಕ್ಕೆ ಹೋಗಲಿ. ಬೇಕಾದ್ದು ಊರಲ್ಲೇ ಉಳಿಯಲಿ.